ಮೇಲಿನ ಮನೆಯವರ ಕಾಯಿಲೆ

ಅಥವಾ ಟೀವಿ ಅದನ್ನು ತೋರಿಸಿದ ಹೊತ್ತಿಗೆ ನಾನು ಮನೆಯಲ್ಲಿ ಇರಲೇ ಇಲ್ಲವೋ ಏನೋ. ಇಷ್ಟು ದಿನ ಇದ್ದೆ ಎಂದೇ ನಂಬಿಕೊಂಡು ಬಂದಿದ್ದೇನೆ. ಅಪ್ಪ ದಿವಾನದ ಮೇಲೆ ಗೋಡೆಗೆ ಒರಗಿ ಕೂತಿದ್ದ, ಅವ್ವ ನೆಲದ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು, ಅಕ್ಕ ಚಹಾ ತಂದಳು, ರಿಮೋಟು ನನ್ನ ಕೈಯಲ್ಲಿತ್ತು. ಕಣ್ಣು ಮುಚ್ಚಿದರೆ ಚಹಾ ಕಪ್ಪಿನ ಅಂಚು ಮುಕ್ಕಾಗಿದ್ದುದೂ ಕಾಣುತ್ತದೆ. ಆದರೆ ಅವ್ವ ಹೇಳುತ್ತಾಳೆ, ಅವರೆಕಾಯಿ ಅಲ್ಲ, ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ ಎಂದು. ಅಕ್ಕ ಹೇಳುತ್ತಾಳೆ, ರಿಮೋಟು ಅಪ್ಪನ ಕೈಯಲ್ಲೇ ಇತ್ತು, ನೀನು ಇರಲೇ ಇಲ್ಲ, ನಾನು ಫೋನ್ ಮಾಡಿದ ಮೇಲೆ ಬಂದೆ ಎಂದು.

ದಿನದ ಬಗ್ಗೆ ಮಾತ್ರ ತಕರಾರಿಲ್ಲ. ಅಪ್ಪನ ಎರಡನೇ ಸ್ಕ್ಯಾನ್ ಆದ ಮರುದಿನ ಅದು. ಹಾಗಾಗಿ ಹುಡುಕುವುದು ಸುಲಭವಾಯಿತು. ನಾನು ಯಾವ ದಿನ ಎಲ್ಲಿದ್ದೆ ಎಂದು ನನ್ನ ಫೋನಿನ ಖಾತೆಯ ಕಂಪನಿ ಬರೆದಿಡುತ್ತದೆ. ಅದರ ಪ್ರಕಾರ ಆ ಸಂಜೆ ಐದೂವರೆಗೆ ನಾನು ಹೆಬ್ಬಾಳದ ಮೇಲ್ಸೇತುವೆಯ ಮೇಲೆ, ಬಸ್ಸಿನೊಳಗೆ, ನಿಂತಲ್ಲೇ ನಿಂತಿದ್ದೆ. ನಕ್ಷೆಯ ಮೇಲೆ ನೀಲಿ ಗೆರೆ ಇದೆ. ಆ ಗೆರೆಗೆ ಮುಕ್ಕಾದ ಕಪ್ಪು ಗೊತ್ತಿಲ್ಲ. ನನಗೆ ಬಸ್ಸು ನೆನಪಿಲ್ಲ.

ಗೆರೆಯನ್ನು ನಂಬಿದರೆ, ಮುಂದೆ ನಾನು ಬರೆಯುವುದರಲ್ಲಿ ಒಂದು ಭಾಗ ಅಕ್ಕ ಫೋನಿನಲ್ಲಿ ಹೇಳಿದ್ದು, ನಾನು ಕಂಡದ್ದಲ್ಲ. ಆದರೂ ಕಂಡಂತೆಯೇ ಬರೆಯುತ್ತೇನೆ. ಬೇರೆ ರೀತಿ ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ.

ಅಪ್ಪ ಕೊಪ್ಪಳದ ಕಡೆಯವನು. ಮದುವೆಯಾದ ವರ್ಷವೇ ಬಂದು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ, ಮೂವತ್ತು ವರ್ಷ ಅಲ್ಲೇ ದುಡಿದು ನಿವೃತ್ತನಾದ. ಮನೆ ಯಲಹಂಕದಲ್ಲಿ, ಪುಟ್ಟೇನಹಳ್ಳಿ ಕೆರೆಗೆ ಹತ್ತಿರ. ಕೆಳಗೆ ನಾವು, ಮೇಲೆ ಓನರ್ ಅಜ್ಜಿ ಒಬ್ಬರೇ. ಹೊಟ್ಟೆನೋವು ಎಂದು ಎರಡು ತಿಂಗಳು ಜೀರಿಗೆ ನೀರು ಕುಡಿದ ಮೇಲೆ ಅಪ್ಪ ಆಸ್ಪತ್ರೆಗೆ ಬರಲು ಒಪ್ಪಿದ. ಅಲ್ಲಿ ವೈದ್ಯರು ವರದಿ ನೋಡಿ, ತೂಕ ನೋಡಿಸಿಕೊಂಡು ಬನ್ನಿ ಎಂದು ಅವನನ್ನು ನರ್ಸಿನ ಜೊತೆ ಹೊರಗೆ ಕಳಿಸಿದರು. ತೂಕವನ್ನು ಬಂದ ಕೂಡಲೇ ನೋಡಿದ್ದರು. ಬಾಗಿಲು ಮುಚ್ಚಿಕೊಂಡಾಗಲೇ ಅಕ್ಕನಿಗೆ ಅರ್ಥವಾಯಿತಂತೆ. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್, ಆಚೀಚೆ ಹರಡಿದೆ, ಕೆಲವು ತಿಂಗಳು.

'ಪೇಷಂಟ್‌ಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು' ಎಂದರು ವೈದ್ಯರು. ಎಷ್ಟೋ ಮನೆಯವರಿಗೆ ಹೇಳಿ ಹೇಳಿ ಆ ವಾಕ್ಯ ನುಣುಪಾಗಿತ್ತು.

ನಾವು ಬಿಟ್ಟೆವು. ಅಂಥ ಕಾಯಿಲೆಯನ್ನು ಕಾಯಿಲೆಯವರಿಗೆ ಹೇಳುವ ರೂಢಿ ನಮ್ಮಲ್ಲಿ ಇಲ್ಲ. ದೊಡ್ಡಪ್ಪನಿಗೆ ಹೇಳಿರಲಿಲ್ಲ, ಅವ್ವನ ಅಣ್ಣನಿಗೂ ಹೇಳಿರಲಿಲ್ಲ. ಹೇಳಿದರೆ ಎದೆ ಒಡೆದು ಬೇಗ ಹೋಗುತ್ತಾರೆ ಎಂಬುದು ಎಲ್ಲರೂ ನಂಬಿದ ಮಾತು. ಅಕ್ಕ ಕಾರಿಡಾರಿನಲ್ಲೇ ತೀರ್ಮಾನ ಮಾಡಿದಳು.

'ಹುಣ್ಣು. ಹೊಟ್ಟ್ಯಾಗ ಹುಣ್ಣಾಗೇದ. ತಿಳೀತಿಲ್ಲೊ? ಮಾರಿ ಒರಸ್ಕೊ ಮೊದಲ.'

ವರದಿಗಳನ್ನು ಆಸ್ಪತ್ರೆಯ ಫೈಲಿನಿಂದ ತೆಗೆದು ಸೀರೆ ಅಂಗಡಿಯ ಚೀಲಕ್ಕೆ ಹಾಕಿಕೊಂಡೆವು. ಅಪ್ಪ ಕಾರ್ಖಾನೆಯಲ್ಲಿ ಇಂಗ್ಲಿಷಿನ ನಕ್ಷೆಗಳನ್ನು ಓದಿ ಕೆಲಸ ಮಾಡಿದವನು, ಕ್ಯಾನ್ಸರ್ ವಿಭಾಗದ ಬೋರ್ಡು ಓದಿಬಿಡುತ್ತಾನೆ ಎಂದು ಮುಂದಿನ ಸಲ ಹಿಂದಿನ ಮೆಟ್ಟಿಲಿನಿಂದ ಕರೆದೊಯ್ದೆವು. ಒಮ್ಮೆ ಬೋರ್ಡಿನ ಎದುರಿಗೇ ನಿಂತುಬಿಟ್ಟ. ಅದು ಹಳೇ ಬೋರ್ಡು, ಈಗ ಇಲ್ಲಿ ಹೊಟ್ಟೆಯವರೇ ಕೂರುತ್ತಾರೆ ಎಂದೆ. 'ಬೋರ್ಡ್ ಬದಲ ಮಾಡಾಕ ಏನ್ ರೋಗ ಇವರಿಗೆ' ಎಂದ.

ಇಷ್ಟೆಲ್ಲ ಬಾಗಿಲು ಹಾಕಿದವರು ನಡುಮನೆಯ ಗೋಡೆಯ ಮೇಲಿದ್ದ ಟೀವಿಯನ್ನು ಮರೆತೆವು.

ಇದನ್ನು ಸ್ವಲ್ಪ ವಿವರಿಸಬೇಕು. ಹೊಸ ಟೀವಿ ಬಂದ ದಿನ ಅದನ್ನು ಗೋಡೆಗೆ ಹಾಕಿದವನು ಒಂದು ಖಾತೆ ಬೇಕು ಎಂದ. ನನ್ನ ಖಾತೆ ಹಾಕಿದೆ. ಅದಕ್ಕೂ ಮೊದಲು ಅಪ್ಪನಿಗೆ ಫೋನ್ ಕೊಡಿಸಿದಾಗಲೂ ಹಾಗೆಯೇ ಮಾಡಿದ್ದೆ. ನಿನ್ನ ಹೆಸರಲ್ಲೇ ಒಂದು ಖಾತೆ ತೆರೆಯುತ್ತೇನೆ ಎಂದರೆ ಅಪ್ಪ ಬೇಡ ಎಂದಿದ್ದ. 'ಒಂದ ಮನಿಗೆ ಎಷ್ಟ್ ಖಾತೆ ಬೇಕಪಾ? ನಿಂದ ಹಾಕು. ನಂದೇನ್ ಗುಟ್ಟೈತಿ ಅದರಾಗ.' ಒಂದು ಮನೆಗೆ ಒಂದು ರೇಷನ್ ಕಾರ್ಡು, ಒಂದು ಸಿಲಿಂಡರ್ ಪುಸ್ತಕ. ಅದರಂತೆ ಒಂದು ಖಾತೆ. ನನಗೂ ಅದು ಸರಿ ಎನಿಸಿತ್ತು. ಮಗನ ಫೋನು, ಅಪ್ಪನ ಫೋನು, ಗೋಡೆಯ ಟೀವಿ ಮೂರೂ ಒಬ್ಬನೇ ಮನುಷ್ಯ ಎಂದು ಕಂಪನಿ ತಿಳಿದುಕೊಂಡಿತು. ಹಾಗೆ ತಿಳಿಸಿದವನು ನಾನೇ.

ಆ ಒಬ್ಬ ಮನುಷ್ಯ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಹುಡುಕಲು ಶುರುಮಾಡಿದ. ಕನ್ನಡದಲ್ಲಿ ಹುಡುಕಿದ, ಇಂಗ್ಲಿಷಿನಲ್ಲಿ ಹುಡುಕಿದ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪಾಠಕ್ಕೂ ಪಾಠಕ್ಕೂ ನಡುವೆ, ಎಸ್ಟೀಮ್ ಮಾಲ್ ಹತ್ತಿರದ ಬಸ್ ಸ್ಟಾಪಿನಲ್ಲಿ, ಬಸ್ಸಿನಲ್ಲಿ. ಕೊನೆಯ ಹಂತ ಎಂದರೇನು. ಎಷ್ಟು ತಿಂಗಳು. ಏನು ತಿನ್ನಬಹುದು. ವಿಡಿಯೋಗಳನ್ನು ಧ್ವನಿ ತೆಗೆದು ನೋಡಿದೆ, ಪಕ್ಕದವರಿಗೆ ಕೇಳಬಾರದೆಂದು.

ಸಂಜೆ ಅಪ್ಪ ಕುಸ್ತಿ ನೋಡುವ ಹೊತ್ತು. ಟೀವಿಯ ವಿಡಿಯೋ ಪುಟ ತೆರೆದರೆ ಮೊದಲ ಸಾಲಿನಲ್ಲಿ ಯಾವಾಗಲೂ ಕುಸ್ತಿ, ಅದರ ಪಕ್ಕ ಲೇತ್ ಯಂತ್ರ ರಿಪೇರಿ, ಭಜನೆ. ಆ ದಿನ ಮೊದಲ ಸಾಲಿನಲ್ಲಿ ಬಿಳಿ ಕೋಟಿನ ವೈದ್ಯರೊಬ್ಬರ ಮುಖ, ಹಳದಿ ಅಕ್ಷರ: ಮೇದೋಜೀರಕ ಕ್ಯಾನ್ಸರ್, ಕೊನೆಯ ಹಂತದ ಏಳು ಲಕ್ಷಣಗಳು. ಪಕ್ಕದಲ್ಲಿ ಇನ್ನೊಂದು, ಅಪ್ಪ ಅಮ್ಮನಿಗೆ ಕ್ಯಾನ್ಸರ್ ಬಂದಾಗ ಮಕ್ಕಳು ಏನು ಮಾಡಬೇಕು. ಅದರ ಪಕ್ಕ ಹೊಟ್ಟೆಯ ಒಳಗಿನ ಚಿತ್ರ, ಕೆಂಪು ಬಾಣ. ಕುಸ್ತಿ ಎರಡನೇ ಸಾಲಿಗೆ ಹೋಗಿತ್ತು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ಓದಿದ.

'ಈ ಡಬ್ಬಿ ಯಾರ ಮನಿ ಸುದ್ದಿ ಹೇಳಾಕತ್ತೈತಿ?'

ಅಕ್ಕನ ಪ್ರಕಾರ ಅಪ್ಪ ಹೀಗೆ ಹೇಳಲಿಲ್ಲ, 'ಏನಿದು' ಎಂದನಷ್ಟೇ. ಇರಬಹುದು. ಆ ವಾಕ್ಯವನ್ನು ನಾನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದಿದ್ದೇನೆ. ಅಕ್ಕ ಕೊಟ್ಟ ಉತ್ತರದ ಬಗ್ಗೆ ಮಾತ್ರ ಅನುಮಾನವಿಲ್ಲ, ಯಾಕೆಂದರೆ ಅದರ ಫಲವನ್ನು ನಾಲ್ಕು ತಿಂಗಳು ಉಂಡೆವು.

'ಮ್ಯಾಲಿನ ಅಜ್ಜಿದಿರಬೇಕಪ್ಪಾ. ವೈಫೈ ಅವರದ ಐತೆಲ್ಲ? ಅವರು ನೋಡಿದ್ದು ನಮ್ಮ ಟೀವಿಗೆ ಬಂದಿರತೈತಿ.'

ವೈಫೈ ನಿಜವಾಗಿಯೂ ಅಜ್ಜಿಯದೇ. ಮೇಲೂ ಕೆಳಗೂ ಒಂದೇ ಸಾಕು ಎಂದು ಪಾಸ್‌ವರ್ಡನ್ನು ಅವರೇ ಚೀಟಿಯಲ್ಲಿ ಬರೆದು ಕೊಟ್ಟಿದ್ದರು.

'ಅವರಿಗೇನಾಗೇದ?' ಎಂದ ಅಪ್ಪ.

'ಅದ ಬ್ಯಾನಿ, ಕ್ಯಾನ್ಸರ್. ಯಾರ ಮುಂದೂ ಹೇಳಬ್ಯಾಡ್ರಿ ಅಂದಾರ.'

ಅಪ್ಪ ತಲೆಯೆತ್ತಿ ಮೇಲಿನ ತಾರಸಿ ನೋಡಿದ. 'ಪಾಪ' ಎಂದ. ಆಮೇಲೆ ಕುಸ್ತಿ ಹಾಕಿಸಿಕೊಂಡು ಪೂರ್ತಿ ನೋಡಿದ.

ಮರುದಿನ ಬೆಳಿಗ್ಗೆ ಅಪ್ಪ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಾಗ ಅಜ್ಜಿ ಕೆರೆ ಸುತ್ತಿ ಬಂದರು. ದಿನಾ ಎರಡು ಸುತ್ತು, ಬಿಳಿ ಶೂ ಹಾಕಿಕೊಂಡು.

'ಹೆಂಗದೀರಿ?' ಎಂದ ಅಪ್ಪ. ಕೇಳಿದ ರೀತಿಗೆ ಅವರು ನಿಂತುಬಿಟ್ಟರು.

'ನಂಗೇನಾಗಿದೆ? ಗುಂಡುಕಲ್ಲು ಹಂಗಿದೀನಿ.'

'ಹಂಗ ಇರಬೇಕ್ರಿ. ಧೈರ್ಯ ಬಿಡಬಾರದು.'

ಆ ವಾರದಲ್ಲಿ ಅಪ್ಪ ತನಗೆ ಮಾಡಿದ ರಾಗಿ ಗಂಜಿಯಲ್ಲಿ ಒಂದು ಲೋಟ ಮೇಲೆ ಕಳಿಸಲು ಶುರುಮಾಡಿದ. ಅವ್ವ ಒಯ್ಯುವುದಿಲ್ಲ ಎಂದರೆ ತಾನೇ ಎದ್ದು ಮೆಟ್ಟಿಲು ಹತ್ತಲು ಹೋಗುತ್ತಿದ್ದ. ನಾಲ್ಕನೇ ಲೋಟಕ್ಕೆ ಅಜ್ಜಿ ಕೆಳಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು. 'ನಿಮ್ ತಂದೆಯವ್ರು ನನ್ನ ಬಹಳ ವಿಚಾರಿಸ್ಕೊಳ್ತಾರೆ ಕಣಪ್ಪ. ನಂಗೇನೋ ಬಂದಿದೆ ಅಂತ ಯಾರಾದ್ರೂ ಹೇಳಿದ್ರಾ?'

ಹೇಳಿದೆ, ಎಲ್ಲವನ್ನೂ. ಮೆಟ್ಟಿಲ ಕೆಳಗೆ ನೀರಿನ ಮೋಟರಿನ ಪಕ್ಕ ನಿಂತು. ಬದುಕಿರುವವರ ಮೇಲೆ ಸಾವಿನ ಕಾಯಿಲೆ ಹೊರಿಸುವುದು ಎಂಥ ಅಪಶಕುನ ಎಂದು ನನಗೂ ಗೊತ್ತಿತ್ತು. ಅವರು ಲೋಟ ಹಿಡಿದುಕೊಂಡೇ ಕೇಳಿದರು.

'ಸುಳ್ಳಿಗೆ ನಾನೇ ಸಿಕ್ಕಿದ್ನಾ ನಿಮಗೆ?' ಎಂದರು. ಲೋಟ ನನ್ನ ಕೈಗೆ ಕೊಟ್ಟು, 'ಹೋಗ್ಲಿ ಬಿಡು. ಉಪ್ಪು ಸ್ವಲ್ಪ ಕಮ್ಮಿ ಹಾಕಕ್ಕೆ ಹೇಳು ನಿಮ್ಮಮ್ಮಂಗೆ. ಬಿಪಿ ಇದೆ.'

ಮರುದಿನದಿಂದ ಅಜ್ಜಿ ನಮ್ಮ ಗೇಟಿನ ಮುಂದೆ ಕಾಲೆಳೆದುಕೊಂಡು ನಡೆದರು. ತಿರುವು ದಾಟಿದ ಮೇಲೆ ವೇಗ ಹೆಚ್ಚಿಸುತ್ತಿದ್ದರು.

ಈ ಕಡೆ ನಾನು ಫೋನಿನ ಸೆಟ್ಟಿಂಗುಗಳಲ್ಲಿ ಇಳಿದಿದ್ದೆ. ಹುಡುಕಿದ್ದರ ಚರಿತ್ರೆ ಅಳಿಸಿದೆ. ನೋಡಿದ್ದರ ಚರಿತ್ರೆ ಅಳಿಸಿದೆ. ಮಾತಾಡಿ ಹುಡುಕಿದರೆ ಧ್ವನಿಯನ್ನು ಉಳಿಸಿಕೊಳ್ಳಬೇಡ ಎಂಬ ಗುಂಡಿ ಇತ್ತು, ಅದನ್ನೂ ಒತ್ತಿದೆ. ಟೀವಿಯಲ್ಲಿ ಬಂದ ಒಂದೊಂದು ವಿಡಿಯೋಗೂ ಆಸಕ್ತಿ ಇಲ್ಲ ಎಂದು ಒತ್ತಿದರೆ ಯಾಕೆ ಎಂದು ಕೇಳುತ್ತಿತ್ತು. ಇಷ್ಟವಿಲ್ಲ, ಅಥವಾ ಈಗಾಗಲೇ ನೋಡಿದ್ದೇನೆ. ಎರಡೇ ಕಾರಣ. ಎರಡು ದಿನ ಕುಸ್ತಿ ವಾಪಸ್ಸು ಬಂತು. ಮೂರನೇ ದಿನ ಕುಸ್ತಿಯ ನಡುವೆ ಜಾಹೀರಾತು, ಕ್ಯಾನ್ಸರಿಗೆ ಕಷಾಯ. ಅಪ್ಪನ ಫೋನಿನಲ್ಲಿ ಹವಾಮಾನ ನೋಡುವ ಪುಟದ ಕೆಳಗೆ, ಕಿಮೋ ನಂತರ ವಿಗ್ಗು. ಇದು ಆ ಕಂಪನಿಯದೂ ಅಲ್ಲ, ಬೇರೆಯದು. ಅದಕ್ಕೆ ಯಾರು ಹೇಳಿದರೋ.

ಟೀವಿಯಿಂದ ಖಾತೆ ತೆಗೆದೆ. ಖಾಲಿ ಟೀವಿ ಎರಡು ದಿನ ಯಾರ್ಯಾರದೋ ನೃತ್ಯ ತೋರಿಸಿತು. ಅಪ್ಪ ಸಿಟ್ಟಾದ. 'ನನ್ನ ಕುಸ್ತಿ ಎಲ್ಲಿ ಹಾಕಿದಿ? ಇದಕ ನನ್ನ ಗುರುತ ಹತ್ತವಲ್ದು.' ಮತ್ತೆ ಹಾಕಿದೆ. ಅವನಿಗೆ ಆಗ ದಿನದಲ್ಲಿ ಉಳಿದಿದ್ದ ಸಂತೋಷ ಅದೊಂದೇ. ಕಂಪನಿಗೆ ಬರೆದೆ. ಮನೆಯಲ್ಲಿ ಕಾಯಿಲೆಯವರಿದ್ದಾರೆ, ಅವರಿಗೆ ತಿಳಿಸಿಲ್ಲ, ಈ ಒಂದು ವಿಷಯವನ್ನು ಮಾತ್ರ ದಯವಿಟ್ಟು ತೋರಿಸಬೇಡಿ ಎಂದು. ಮನುಷ್ಯರು ಓದುತ್ತಾರೆ ಎಂಬಂತೆ ಬರೆದಿದ್ದೆ. ನಿಮ್ಮ ಗೌಪ್ಯತೆ ನಮಗೆ ಮುಖ್ಯ ಎಂಬ ಉತ್ತರ ಕಳಿಸಿದ ಕ್ಷಣದಲ್ಲೇ ಬಂತು. ಕೆಳಗೆ ಒಂದು ಪ್ರಶ್ನೆ: ಈ ಉತ್ತರ ಸಹಾಯಕವಾಯಿತೇ? ಇಲ್ಲ ಎಂದು ಒತ್ತಿದೆ. ಧನ್ಯವಾದ ಎಂದಿತು.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋಗುತ್ತೇನೆ, ಪೂರ್ತಿ ಆಗುವುದಿಲ್ಲ. ಅಪ್ಪನ ಹೊಟ್ಟೆಯ ಸಂಗತಿ ವೈದ್ಯರಿಗೆ ಗೊತ್ತಿತ್ತು, ನಮಗೆ ಗೊತ್ತಿತ್ತು, ಚಿಕ್ಕಬಾಣಾವರದಲ್ಲಿ ಅಕ್ಕನ ಗಂಡನ ಮನೆಯ ಅಕ್ಕಪಕ್ಕದವರಿಗೆ ಗೊತ್ತಿತ್ತು, ಕಷಾಯ ಮಾರುವವನಿಗೆ ಗೊತ್ತಿತ್ತು. ಅಪ್ಪನೊಬ್ಬನಿಗೆ ಹೇಳಿರಲಿಲ್ಲ. ಹೇಳದೇ ಇದ್ದವರಲ್ಲಿ ನಾನು ಮೊದಲಿಗ. ಹೇಳಲು ಹತ್ತಿರ ಬಂದದ್ದು ಆ ಡಬ್ಬಿ ಒಂದೇ, ಅದೂ ಕಷಾಯ ಮಾರಲು.

ಕಡಲೆಕಾಯಿ ಬರುವ ಹೊತ್ತಿಗೆ ಅಪ್ಪ ಕಟ್ಟೆಯವರೆಗೆ ನಡೆಯುವುದನ್ನು ನಿಲ್ಲಿಸಿದ. ಒಂದು ಮಧ್ಯಾಹ್ನ ನಾನು ಅವನ ಕಾಲು ಒತ್ತುತ್ತಿದ್ದಾಗ ಮಾತು ತೆಗೆದ.

'ಮ್ಯಾಲಿನವ್ರಿಗೆ ಇನ್ನ ಎಷ್ಟ್ ದಿನ ಅಂದಾರ ಡಾಕ್ಟರು?'

ಕೈ ನಿಂತಿತು. ಮತ್ತೆ ಒತ್ತಿದೆ. 'ಖಚಿತ ಹೇಳಾಕ ಬರೂದಿಲ್ಲ ಅಂದಾರಂತ.'

'ಮಕ್ಕಳಿಗೆ ಹೇಳಿರ್ತಾರ. ಮಕ್ಕಳು ಹೇಳಂಗಿಲ್ಲ.'

'ಯಾಕ ಹೇಳಂಗಿಲ್ಲ?'

'ಮುದುಕಿ ಹೆದರತಾಳಂತ.' ಗೋಡೆಯ ಕಡೆ ಹೊರಳಿದ. 'ಆಕಿ ಏನ್ ಹೆದರೂಹಂಗ ಕಾಣಂಗಿಲ್ಲ ನನಗ.'

ಆಗ ಹೇಳಿಬಿಡಬಹುದಿತ್ತು. ಬಾಗಿಲು ತೆರೆದು ನಿಂತಿದ್ದ, ಅಥವಾ ತೆರೆದಂತೆ ನನಗೆ ಈಗ ಕಾಣುತ್ತದೆ.

'ನೋವು ಭಾಳ ಇರತೈತೇನು ಆ ಬ್ಯಾನ್ಯಾಗ?'

'ಔಷಧ ಅದಾವಪ್ಪಾ. ನೋವು ಆಗದಂಗ ನೋಡ್ಕೋತಾರ.'

'ಹಂಗಾರ ಆತು' ಎಂದ. 'ಆಕೀಗೂ ಹೇಳು, ಔಷಧ ಅದಾವಂತ.'

ಇದನ್ನು ಓದಿದವರು ಅಪ್ಪನಿಗೆ ಎಲ್ಲ ಗೊತ್ತಿತ್ತು ಎನ್ನುತ್ತಾರೆ. ಅಕ್ಕನೂ ಹಾಗೆಯೇ ಅಂದಳು. ಆದರೆ ಅಪ್ಪನನ್ನು ಬಲ್ಲವರು ಅಷ್ಟು ಬೇಗ ಒಪ್ಪುವುದಿಲ್ಲ. ಕಾರ್ಖಾನೆಯಲ್ಲಿ ಯಾರು ಮಲಗಿದರೂ ಬಾಳೆಹಣ್ಣು ಹಿಡಿದು ಹೋಗುತ್ತಿದ್ದವನು, ಕಾಯಿಲೆಯ ಹೆಸರು, ಮಾತ್ರೆಯ ಬಣ್ಣ, ಎಲ್ಲ ಕೇಳಿಕೊಂಡು ಬರುತ್ತಿದ್ದವನು. ಮೇಲಿನ ಮನೆಯ ಹೆಂಗಸು ಸಾಯುತ್ತಿದ್ದಾಳೆ ಎಂದು ನಂಬಿದ್ದರೆ ಅವನು ಇದೇ ಮಾತುಗಳನ್ನು ಇದೇ ಕ್ರಮದಲ್ಲಿ ಆಡುತ್ತಿದ್ದ. ಆ ಮಧ್ಯಾಹ್ನವನ್ನು ನಾನು ಎಷ್ಟು ತಿದ್ದಿದ್ದೇನೆ ಎಂಬುದೂ ಖಚಿತವಿಲ್ಲ. ಗೋಡೆಯ ಕಡೆ ಹೊರಳಿದ್ದು ನೋವಿಗೆ ಇದ್ದೀತು.

ಮೂರು ವಾರಕ್ಕೆ ಅಪ್ಪ ಹೋದ. ಅಜ್ಜಿ ಕೆಳಗೆ ಬಂದು ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. 'ನಾನು ಇನ್ನೂ ಇದೀನಲ್ಲಪ್ಪ, ಅವರ ಮುಂದೆ ಹೆಂಗೆ ಬರ್ಲಿ' ಎಂದರು. ಹದಿಮೂರನೇ ದಿನಕ್ಕೆ ಪಕ್ಕದ ಕೋಗಿಲು ಊರಿನಲ್ಲಿ ಅಡುಗೆಯವರು ಸಿಗುತ್ತಾರೋ ಎಂದು ಫೋನಿನಲ್ಲಿ ಹುಡುಕಿದೆ. ಅದಾದ ಮೇಲೂ ಎಷ್ಟೋ ವಾರ ಟೀವಿ ಕೊನೆಯ ಹಂತದ ಲಕ್ಷಣಗಳನ್ನು ತೋರಿಸಿತು. ಈಗ ತೋರಿಸಿದರೆ ಯಾರಿಗೂ ತೊಂದರೆ ಇರಲಿಲ್ಲ. ಅವ್ವ ಅದನ್ನು ಹಾಗೆಯೇ ಬಿಟ್ಟು ಅಡುಗೆ ಮನೆಗೆ ಹೋಗುತ್ತಿದ್ದಳು.

ಒಂದು ದಿನ ಕಂಪನಿಯಿಂದ ನನ್ನ ಬಗ್ಗೆ ಅವರ ಬಳಿ ಇರುವುದನ್ನೆಲ್ಲ ಕೇಳಿದೆ. ಕೇಳಿದರೆ ಕೊಡುತ್ತಾರೆ. ಎರಡು ದಿನಕ್ಕೆ ದೊಡ್ಡ ದೊಡ್ಡ ಕಡತಗಳು ಬಂದವು. ಬಸ್ಸಿನಲ್ಲಿ ನಿಂತ ನಿಮಿಷಗಳು, ತೆರೆದ ಪುಟಗಳು, ಹುಡುಕಿದ ಪದಗಳು. ಹುಡುಕಿದ್ದು ಮಾತ್ರ ಕೊನೆಯ ಸಲ ನಾನು ಅಳಿಸಿದ ದಿನದಿಂದ ಈಚೆಗಿನದು. ಅದಕ್ಕೂ ಹಿಂದಿನದು ನಿಜವಾಗಿ ಹೋಗಿದೆಯೋ, ನನ್ನ ಕಣ್ಣಿಗೆ ಮಾತ್ರ ಹೋಗಿದೆಯೋ ಕಡತದಲ್ಲಿ ಬರೆದಿಲ್ಲ. ಒಂದೊಂದೇ ಸಾಲು ಓದುತ್ತ ಹೋದೆ. ನನ್ನ ಮಾತುಗಳನ್ನು ಗುರುತು ಹಿಡಿಯುವುದು ಕಷ್ಟವಲ್ಲ, ನಾನು ಪುಸ್ತಕದ ಕನ್ನಡದಲ್ಲಿ ಹುಡುಕುತ್ತೇನೆ. ನಡುವೆ ಒಂದು ಸಾಲು ಹೀಗಿತ್ತು.

ಹೊಟ್ಟಿ ಹುಣ್ಣಿಗೆ ಕೂದಲ ಉದರತಾವೇನು

ಅಪ್ಪನಿಗೆ ನಾವು 'ಹುಣ್ಣಿನ ಸಲಾಯಿನ್' ಎಂದು ಹೇಳಿ ಹಾಕಿಸುತ್ತಿದ್ದ ಕಿಮೋ ಔಷಧದ ಎರಡನೇ ಸುತ್ತು ಮುಗಿದಿದ್ದ ವಾರ ಅದು. ದಿಂಬಿನ ಮೇಲೆ ಕೂದಲು ಕಾಣಲು ಶುರುವಾಗಿತ್ತು. ಬೆಳಿಗ್ಗೆ ಹತ್ತು ನಲವತ್ತು. ನಾನು ಕಾಲೇಜಿನಲ್ಲಿದ್ದೆ, ನೀಲಿ ಗೆರೆ ಹಾಗೆನ್ನುತ್ತದೆ. ಅಪ್ಪನ ಫೋನಿನಲ್ಲಿ ಮಾತಾಡಿ ಹುಡುಕಿದ್ದು, ಬರೆದದ್ದಲ್ಲ. ಬಾಯಿಂದ ಬಂದದ್ದನ್ನು ಯಂತ್ರ ಹಾಗೇ ಅಕ್ಷರಕ್ಕೆ ಇಳಿಸಿತ್ತು.

ಅವ್ವನಿಗೆ ತೋರಿಸಿದೆ. ಅವಳೂ ಅದೇ ಮಾತಿನವಳು, ಅಪ್ಪನ ಫೋನು ಅವಳ ಕೈಯಲ್ಲೂ ಇರುತ್ತಿತ್ತು, ಗುಂಡಿ ಒತ್ತಿ ಮಾತಾಡುವುದನ್ನು ಅಕ್ಕ ಅವಳಿಗೂ ಕಲಿಸಿದ್ದಳು.

'ನಾನ ಕೇಳಿರಬೇಕು. ಅವರು ಕೇಳಿದ್ರ ಏನ್ ಹೇಳೂದಂತ.'

'ಕೇಳಿದ್ದು ನೆನಪೈತೇನವ್ವಾ?'

ಅವ್ವ ಫೋನಿನ ಕಡೆ ನೋಡಿದಳು, ಆ ಸಾಲಿನ ಮೇಲೆ ಬೆರಳಿಟ್ಟಳು. 'ಇಲ್ಲಪಾ.'

'ಅಪ್ಪ ಕೇಳಿದ್ನೇನು ನಿನ್ನ, ಕೂದಲದ ಬಗ್ಗೆ?'

'ನನ್ನ ಕೇಳಲಿಲ್ಲ' ಎಂದಳು. ಎದ್ದು ಹೋದಳು.

ಧ್ವನಿ ಸಿಕ್ಕಿದ್ದರೆ ಒಂದೇ ಅಕ್ಷರಕ್ಕೆ ಗೊತ್ತಾಗುತ್ತಿತ್ತು. ಧ್ವನಿಯ ಜಾಗದಲ್ಲಿ ಏನೂ ಇಲ್ಲ. ಉಳಿಸಬೇಡ ಎಂದು ಒತ್ತಿದವನು ನಾನು, ಅದಕ್ಕೂ ಕೆಲವೇ ವಾರ ಮೊದಲು, ಅಪ್ಪನಿಂದ ವಿಷಯ ಮುಚ್ಚಿಡಲು. ನನ್ನ ಎಷ್ಟೋ ಮಾತು ಕೇಳದ ಕಂಪನಿ ಈ ಒಂದನ್ನು ಕೇಳಿದಂತಿದೆ, ಅಥವಾ ನನಗೆ ಕೊಡುತ್ತಿಲ್ಲ. ಮತ್ತೆ ಬರೆದು ಕೇಳಿದೆ. ನಿಮ್ಮ ಗೌಪ್ಯತೆ ನಮಗೆ ಮುಖ್ಯ ಎಂದು ಬಂತು.

ಆ ಪ್ರಶ್ನೆ ಯಾರದು ಎಂದು ನನಗೆ ಗೊತ್ತಿಲ್ಲ. ಅಪ್ಪನದೇ ಆಗಿದ್ದರೆ, ಅದಕ್ಕೆ ಏನು ಉತ್ತರ ಬಂತು, ಅದನ್ನು ಅವನು ಓದಿದನೋ ಇಲ್ಲವೋ, ಓದಿದ ಮೇಲೂ ಸಂಜೆ ನನ್ನನ್ನು ಕರೆದು ಕುಸ್ತಿ ಹಾಕು ಎಂದನೋ, ಅದೂ ಗೊತ್ತಿಲ್ಲ. ಏನು ಹುಡುಕಿದರು ಎಂಬುದು ಕಡತದಲ್ಲಿದೆ. ಏನು ತೋರಿಸಿದರು ಎಂಬುದು ಇಲ್ಲ.